ಏಳು ಊರಿನ ಫೀಲ್ಡು, ಒಂದು ಊರಿನ ಖರ್ಚು

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಾನು 2004ನೇ ಸಾಲಿನ ಎಸ್.ಎಸ್.ಎಲ್.ಸಿ. ಬ್ಯಾಚಿನವನು. ಸಮಿತಿಯವರು ಫೋನ್ ಮಾಡಿ, "ಅಮೆರಿಕದಲ್ಲಿ ಇದ್ದು ಬಂದಿದ್ದೀಯ, ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಕಂಪ್ಯೂಟರ್ ಬಗ್ಗೆ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಒಂಬತ್ತನೇ ತರಗತಿಯ ಮಕ್ಕಳಿಗೇ ನನಗಿಂತ ಹೆಚ್ಚು ಗೊತ್ತಿರಬಹುದು. ಅದನ್ನು ಬಿಡುತ್ತೇನೆ. ಈ ಶಾಮಿಯಾನ ಯಾವ ನೆಲದ ಮೇಲೆ ನಿಂತಿದೆಯೋ ಆ ನೆಲದ ಬಗ್ಗೆ ಮಾತಾಡುತ್ತೇನೆ. ನಮ್ಮ ಹೈಸ್ಕೂಲ್ ಫೀಲ್ಡಿನ ಬಗ್ಗೆ.

ನಾವು ಓದುವಾಗ ಈ ಫೀಲ್ಡಿಗೆ ಕಾಂಪೌಂಡ್ ಇರಲಿಲ್ಲ. ಸುಗ್ಗಿಯ ಕಾಲದಲ್ಲಿ ಒಂದು ಮೂಲೆಯಲ್ಲಿ ರಾಗಿ ಒಕ್ಕುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ನಾವು ಕಬಡ್ಡಿ ಆಡುತ್ತಿದ್ದೆವು. ರಾಗಿ ಹೊಟ್ಟು ಕಣ್ಣಿಗೆ ಬಿದ್ದು ರೈಡಿಗೆ ಹೋದವನು ಔಟಾದ ಮೇಲೆ, ಅದು ಔಟೋ ಅಲ್ಲವೋ ಎಂದು ಪಿ.ಟಿ. ಮೇಷ್ಟ್ರ ಮುಂದೆ ಪಂಚಾಯ್ತಿ ನಡೆದದ್ದೂ ಉಂಟು. ಏಳು ಊರಿನ ಹುಡುಗರು ಸೇರುತ್ತಿದ್ದ ಜಾಗ ಇದೊಂದೇ. ಊರ ಮುಂದಿನ ಗುಂಡುತೋಪು ನನಗೆ ಬುದ್ಧಿ ಬರುವ ಹೊತ್ತಿಗೇ ಅರ್ಧ ಹೋಗಿತ್ತು. ಗೋಮಾಳ ಎಲ್ಲಿತ್ತು ಎಂದು ಕೇಳಿದರೆ ಈಗ ಹಿರಿಯರು ಕೈ ತೋರಿಸುತ್ತಾರೆ, ಅಲ್ಲಿ ಮನೆಗಳಿವೆ.

ಕಳೆದ ಯುಗಾದಿಗೆ ಊರಿಗೆ ಬಂದಿದ್ದಾಗ ಪಿ.ಟಿ. ಮೇಷ್ಟ್ರು ಸಿಕ್ಕಿ ಒಂದು ವಿಷಯ ಹೇಳಿದರು. ಫೀಲ್ಡಿಗೂ ಡಾಂಬರು ರಸ್ತೆಗೂ ನಡುವೆ ಇರುವ ಪಟ್ಟಿ ಶಾಲೆಯ ಹೆಸರಿನಲ್ಲಿಲ್ಲ, ಅದು ಗ್ರಾಮಠಾಣಾ ಜಾಗ. ಅಲ್ಲಿ ಆರು ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವ ಮಾತು ನಡೆದಿದೆ. ಆ ಪಟ್ಟಿ ಹೋದರೆ ಓಟದ ಟ್ರ್ಯಾಕ್ ತುಂಡಾಗುತ್ತದೆ, ವಾಲಿಬಾಲ್ ಅಂಕಣ ಇರುವುದೇ ಇಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಪಂಚಾಯಿತಿ ಆಫೀಸಿಗೆ ಹೋದೆ.

ಅಲ್ಲಿ ಅಧ್ಯಕ್ಷರು ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಇಲ್ಲೇ ಕೂತಿದ್ದಾರೆ, ತಪ್ಪಿದ್ದರೆ ತಿದ್ದಲಿ. "ನೋಡಪ್ಪ, ಆಡೋರು ಏಳು ಊರಿನ ಮಕ್ಕಳು, ಮೂರು ಪಂಚಾಯಿತಿಯವರು. ಗಿಡ ಕೀಳಿಸೋದು, ನೆಲ ಮಟ್ಟ ಮಾಡಿಸೋದು, ನಲ್ಲಿ ರಿಪೇರಿ ಎಲ್ಲಾ ನಮ್ಮ ತಲೆ ಮೇಲೆ. ಆರು ಮಳಿಗೆಯಿಂದ ತಿಂಗಳಿಗೆ ಸಾವಿರದಂತೆ ಬಂದರೂ ವರ್ಷಕ್ಕೆ 72 ಸಾವಿರ. ನೀವು ಬೆಂಗಳೂರಿನಿಂದ ಬಂದು ಬೇಡ ಅಂತೀರಿ, ಆ 72 ಸಾವಿರ ಯಾರು ಕೊಡ್ತಾರೆ?"

ಈ ಪ್ರಶ್ನೆಯನ್ನು ನಾನು ಬೇರೆ ಕಡೆ ನೋಡಿದ್ದೆ. ಅದಕ್ಕೆ ಅಲ್ಲಿನವರು ಕಂಡುಕೊಂಡ ಉತ್ತರವನ್ನೂ ನೋಡಿದ್ದೆ. ಆದರೆ ಅದು ನಮ್ಮ ಫೀಲ್ಡಿಗೆ ಸಂಬಂಧಿಸಿದ್ದು ಎಂದು ಆವತ್ತಿನವರೆಗೆ ಹೊಳೆದಿರಲಿಲ್ಲ.

ಕಂಪನಿಯವರು ನನ್ನನ್ನು ಮೂರು ವರ್ಷ ಅಮೆರಿಕದ ಕೊಲರಾಡೊ ರಾಜ್ಯಕ್ಕೆ ಕಳಿಸಿದ್ದರು. ಡೆನ್ವರ್ ನಗರದ ಪಕ್ಕದಲ್ಲಿ ಲೇಕ್‌ವುಡ್ ಎಂಬ ಊರು, ಜೆಫರ್ಸನ್ ಕೌಂಟಿಗೆ ಸೇರಿದ್ದು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಥರ ಎಂದುಕೊಳ್ಳಿ, ಆದರೆ ಅಲ್ಲಿ ಆಳುವವರನ್ನು ಜನರೇ ಆರಿಸುತ್ತಾರೆ. ನನ್ನ ಕೆಲಸ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಬಿ.ಇ. ಮಾಡಿ ಅಷ್ಟು ದೂರ ಹೋಗಿ ನಾನು ಮಾಡಿದ್ದು ಇಷ್ಟೇ: ಯಾವ ಊರಿನ ಅಂಗಡಿಯಲ್ಲಿ ಎಷ್ಟು ಮಾರಾಟ ತೆರಿಗೆ ಎಂಬ ಪಟ್ಟಿ ಸರಿ ಇದೆಯೇ ಎಂದು ನೋಡುವುದು. ಶಾನುಭೋಗಿಕೆ ಅನ್ನಿ.

ಅಲ್ಲಿ ತೆರಿಗೆ ದೇಶಕ್ಕೆಲ್ಲ ಒಂದೇ ಅಲ್ಲ. ರಾಜ್ಯ, ಕೌಂಟಿ, ಊರು ಮೂರೂ ತಂತಮ್ಮ ಪಾಲು ಹಾಕುತ್ತವೆ. ನಾನು ಲೇಕ್‌ವುಡ್‌ನಲ್ಲಿ ನೂರು ಡಾಲರಿನ ಒಂದು ಕುಕ್ಕರ್ ಕೊಂಡರೆ ಬಿಲ್ಲಿನಲ್ಲಿ ಏಳೂವರೆ ಡಾಲರ್ ತೆರಿಗೆ. ಒಡೆದು ನೋಡಿದರೆ 2 ಡಾಲರ್ 90 ಸೆಂಟ್ ರಾಜ್ಯಕ್ಕೆ, 3 ಡಾಲರ್ ಊರಿಗೆ, 1 ಡಾಲರ್ ಬಸ್ಸು ರೈಲಿಗೆ, 10 ಸೆಂಟ್ ಮ್ಯೂಸಿಯಂ, ಪ್ರಾಣಿ ಸಂಗ್ರಹಾಲಯ, ನಾಟಕ ಸಂಗೀತಗಳಿಗೆ. ಉಳಿದ 50 ಸೆಂಟ್ ಕೌಂಟಿಗೆ. ಆ 50 ಸೆಂಟ್ ಪೂರ್ತಿ ಬಯಲು ಜಾಗಕ್ಕೆ. ಬೇರೆ ಯಾವುದಕ್ಕೂ ಅದನ್ನು ಮುಟ್ಟುವ ಹಾಗಿಲ್ಲ.

ಬಯಲು ಜಾಗಕ್ಕೆ ಎಂದು ಪ್ರತ್ಯೇಕ ತೆರಿಗೆ! ಮೊದಲು ನನಗೆ ನಂಬಿಕೆ ಬರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. "ಹೌದು, ನಾವೇ ವೋಟು ಹಾಕಿ ನಮ್ಮ ಮೇಲೆ ಹಾಕಿಕೊಂಡದ್ದು" ಎಂದರು, ಹೊಲಕ್ಕೆ ನೀರು ಬಿಟ್ಟೆ ಎನ್ನುವಷ್ಟು ಸಲೀಸಾಗಿ.

ಆ ಸೀಮೆಯಲ್ಲಿ ಇದನ್ನು ಶುರು ಮಾಡಿದ್ದು ಬೌಲ್ಡರ್ ಎಂಬ ಊರು. 1967ರಲ್ಲಿ ಅಲ್ಲಿನ ಜನ ನೂರು ಡಾಲರ್ ವ್ಯಾಪಾರಕ್ಕೆ 40 ಸೆಂಟಿನಂತೆ ತೆರಿಗೆ ಒಪ್ಪಿದರು, ಊರ ಸುತ್ತಲಿನ ಬೆಟ್ಟ ಬಯಲು ಕೊಳ್ಳುವುದಕ್ಕೆ. ಬಯಲು ಉಳಿಸಲೆಂದೇ ಒಂದು ಊರು ವೋಟು ಹಾಕಿ ತನ್ನ ಮೇಲೆ ತೆರಿಗೆ ಹಾಕಿಕೊಂಡದ್ದು ಅಮೆರಿಕದಲ್ಲಿ ಅದೇ ಮೊದಲು. ಐದು ವರ್ಷದ ನಂತರ, 1972ರ ನವೆಂಬರ್‌ನಲ್ಲಿ, ನಾನಿದ್ದ ಜೆಫರ್ಸನ್ ಕೌಂಟಿಯವರು ನೂರಕ್ಕೆ ಅರ್ಧ ಡಾಲರ್ ಒಪ್ಪಿದರು. ಒಂದು ತಮಾಷೆ ಹೇಳುತ್ತೇನೆ. 1976ರ ಚಳಿಗಾಲದ ಒಲಿಂಪಿಕ್ಸ್ ಡೆನ್ವರಿಗೆ ಸಿಕ್ಕಿತ್ತು. ಅದಕ್ಕೆ ಸರ್ಕಾರದ ದುಡ್ಡು ಕೊಡಬಾರದು ಎಂದು ಕೊಲರಾಡೊದ ಜನ ತೀರ್ಮಾನಿಸಿದ್ದೂ ಅದೇ ನವೆಂಬರ್‌ನಲ್ಲೇ. ಒಲಿಂಪಿಕ್ಸ್ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್‌ಗೆ ಹೋಯಿತು. ಹದಿನೈದು ದಿನದ ಜಾತ್ರೆಗೆ ದುಡ್ಡಿಲ್ಲ, ದಿನಾ ನಡೆದಾಡುವ ಬೆಟ್ಟಕ್ಕೆ ದುಡ್ಡಿದೆ ಎಂದ ಜನ ಅವರು.

ಈಗ ಅಧ್ಯಕ್ಷರ ಪ್ರಶ್ನೆಗೆ ಬರುತ್ತೇನೆ. ತೆರಿಗೆ ಎತ್ತುವುದು ಕೌಂಟಿ. ಆದರೆ ಕೌಂಟಿಯೊಳಗೆ ಹತ್ತಾರು ಊರುಗಳಿವೆ, ಒಂದೊಂದಕ್ಕೂ ಒಂದೊಂದು ಪುರಸಭೆ ಇದೆ. ಒಂದು ಊರಿನಲ್ಲಿ ದೊಡ್ಡ ಮಾಲ್ ಇರುತ್ತದೆ, ಪಕ್ಕದ ಊರಿನಲ್ಲಿ ಬರೀ ಮನೆಗಳು. ಮನೆ ಇರುವವರು ಹೋಗಿ ಮಾಲ್‌ನಲ್ಲಿ ಕೊಳ್ಳುತ್ತಾರೆ, ಮಾಲ್ ಊರಿನವರು ಬಂದು ಪಕ್ಕದೂರಿನ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುತ್ತಾರೆ. ದುಡ್ಡು ಒಂದು ಕಡೆ ಹುಟ್ಟುತ್ತದೆ, ಕಾಲು ಇನ್ನೊಂದು ಕಡೆ ನಡೆಯುತ್ತದೆ. ಪಾಲು ಹೇಗೆ ಮಾಡುವುದು?

ಇಲ್ಲಿ ಒಂದೊಂದು ಕೌಂಟಿಯವರು ಒಂದೊಂದು ದಾರಿ ಹಿಡಿದಿದ್ದಾರೆ. ನಾನಿದ್ದ ಜೆಫರ್ಸನ್ ಕೌಂಟಿಯಲ್ಲಿ ಮೂರನೇ ಒಂದು ಪಾಲು ಊರುಗಳಿಗೆ ವಾಪಸ್, ಉಳಿದದ್ದರಲ್ಲಿ ಕೌಂಟಿಯೇ ದೊಡ್ಡ ಬಯಲು, ಗುಡ್ಡಗಳನ್ನು ಕೊಂಡು ನೋಡಿಕೊಳ್ಳುತ್ತದೆ. ಪಕ್ಕದ ಅರಾಪಹೋ ಕೌಂಟಿಯವರು 2003ರಲ್ಲಿ ನೂರಕ್ಕೆ 25 ಸೆಂಟ್ ಒಪ್ಪಿಕೊಂಡರು. ಅದರ ಅರ್ಧ ಊರುಗಳಿಗೆ, ಜನಸಂಖ್ಯೆಯ ಲೆಕ್ಕದಲ್ಲಿ. ಆಡಮ್ಸ್ ಕೌಂಟಿಯ ಲೆಕ್ಕ ಬೇರೆ: ನೂರರಲ್ಲಿ 30 ತೆರಿಗೆ ಎಲ್ಲಿ ಹುಟ್ಟಿತೋ ಆ ಊರಿಗೇ, 68 ಅರ್ಜಿ ಹಾಕಿ ಗೆದ್ದವರಿಗೆ, ಆಡಳಿತದ ಖರ್ಚಿಗೆ ಬರೀ 2. ಉತ್ತರಕ್ಕಿರುವ ಲ್ಯಾರಿಮರ್ ಕೌಂಟಿಯಲ್ಲಿ 1995ರಿಂದ ಈ ತೆರಿಗೆ ಇದೆ, 2014ರಲ್ಲಿ ಜನ ಅದನ್ನು ಇನ್ನೂ 25 ವರ್ಷಕ್ಕೆ ಮುಂದುವರಿಸಿದರು, ಕೌಂಟಿಗೆ ಅರ್ಧ, ಊರುಗಳಿಗೆ ಅರ್ಧ ಎಂಬ ಕರಾರಿನ ಮೇಲೆ.

ಸೂತ್ರ ಬದಲಾದರೆ ಏನಾಗುತ್ತದೆ ಎಂದು ಒಂದು ಲೆಕ್ಕ ಮಾಡೋಣ. ಗಣಿತದ ಮೇಷ್ಟ್ರು ಕ್ಷಮಿಸಬೇಕು, ಇದು ಏಳನೇ ತರಗತಿಯ ಲೆಕ್ಕ. ಎರಡು ಊರು ಇವೆ ಎಂದುಕೊಳ್ಳಿ. ಮಾಲ್ ಇರುವ ಊರಿನಲ್ಲಿ 20 ಸಾವಿರ ಜನ, ಮನೆಗಳಷ್ಟೇ ಇರುವ ಊರಿನಲ್ಲಿ 60 ಸಾವಿರ ಜನ. ನೂರು ರೂಪಾಯಿ ತೆರಿಗೆಯಲ್ಲಿ 80 ಮಾಲ್ ಊರಿನಲ್ಲಿ ಹುಟ್ಟುತ್ತದೆ. ಹುಟ್ಟಿದ ಕಡೆಗೇ ಕೊಟ್ಟರೆ ಮಾಲ್ ಊರಿಗೆ 80, ಮನೆಗಳ ಊರಿಗೆ 20. ತಲೆ ಎಣಿಸಿ ಕೊಟ್ಟರೆ ಮಾಲ್ ಊರಿಗೆ 25, ಮನೆಗಳ ಊರಿಗೆ 75. ದುಡ್ಡು ಅದೇ, ಜನ ಅದೇ, ಸೂತ್ರ ಮಾತ್ರ ಬೇರೆ. ಅದಕ್ಕೇ ಅವರು ಸೂತ್ರವನ್ನು ಮೊದಲೇ ಬರೆದು, ವೋಟಿಗಿಡುವಾಗಲೇ ಜನರ ಮುಂದೆ ಇಟ್ಟುಬಿಡುತ್ತಾರೆ. ದುಡ್ಡು ಕೈಗೆ ಬಂದ ಮೇಲೆ ಪಾಲಿಗೆ ಕೂತರೆ ಅಣ್ಣತಮ್ಮಂದಿರ ನಡುವೆಯೇ ನ್ಯಾಯ ಬಗೆಹರಿಯುವುದಿಲ್ಲ, ಇನ್ನು ಊರೂರಿನ ನಡುವೆ ಹೇಗೆ?

ಅರ್ಜಿ ಹಾಕಿ ಗೆಲ್ಲುವ ದಾರಿಯಲ್ಲಿ ಒಂದು ಒಳ್ಳೆಯದಿದೆ. ಇಷ್ಟು ನಿಮ್ಮ ಊರಿನ ದುಡ್ಡನ್ನೂ ಹಾಕಿ, ಉಳಿದದ್ದು ನಾವು ಕೊಡುತ್ತೇವೆ ಎನ್ನಬಹುದು. ಎರಡು ಊರು ಸೇರಿ ಅರ್ಜಿ ಹಾಕಲಿ ಎನ್ನಬಹುದು. ಕೆಟ್ಟದ್ದೂ ಇದೆ. ಅರ್ಜಿ, ನಕ್ಷೆ, ಅಂದಾಜು ಪಟ್ಟಿ ಬರೆಯಲು ಜನ ಇಟ್ಟುಕೊಂಡಿರುವ ದೊಡ್ಡ ಊರಿಗೆ ಗೆಲ್ಲುವುದು ಸುಲಭ, ಒಬ್ಬನೇ ಗುಮಾಸ್ತ ಇರುವ ಸಣ್ಣ ಊರಿಗೆ ಕಷ್ಟ. ಇದು ನಮಗೆ ಹೊಸದೇನಲ್ಲ.

ಬೌಲ್ಡರ್ ಕೌಂಟಿಯಲ್ಲಿ ಲೂಯಿವಿಲ್, ಲಾಫಯೆಟ್ ಎಂದು ಅಕ್ಕಪಕ್ಕದ ಎರಡು ಊರುಗಳಿವೆ. ಬೆಳೆಯುತ್ತಾ ಬೆಳೆಯುತ್ತಾ ಎರಡೂ ಒಂದಕ್ಕೊಂದು ಅಂಟಿಕೊಳ್ಳುವ ಹಾಗಿದ್ದವು. ನಡುವಿನ ಹೊಲಗಳನ್ನು ಎರಡೂ ಊರುಗಳು ಮತ್ತು ಕೌಂಟಿ ಸೇರಿ ಕೊಂಡು, ಮೂವರ ಹೆಸರಿನಲ್ಲಿ ಜಂಟಿಯಾಗಿ ಇಟ್ಟುಕೊಂಡಿವೆ. ನಾನು ಆ ದಾರಿಯಲ್ಲಿ ಹೋಗುವಾಗ ನಮ್ಮ ಎರಡು ಊರಿನ ನಡುವಿನ ಗಡಿ ಕಲ್ಲು ನೆನಪಾಗುತ್ತಿತ್ತು. ಅಲ್ಲಿ ಕಲ್ಲಿನ ಬದಲು ಹೊಲವೇ ಇದೆ.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳಲು ಬಂದಿಲ್ಲ. ಮಾರಾಟ ತೆರಿಗೆ ಬಡವನಿಗೂ ಸಾಹುಕಾರನಿಗೂ ಒಂದೇ ದರ. ಬಡವ ತನ್ನ ಸಂಪಾದನೆಯ ಹೆಚ್ಚು ಭಾಗವನ್ನು ಅಂಗಡಿಯಲ್ಲೇ ಖರ್ಚು ಮಾಡುವುದರಿಂದ ಅವನಿಗೇ ಅದರ ಬಿಸಿ ಹೆಚ್ಚು. ಬೆಟ್ಟದ ಸಾಲಿಗೆ ಹತ್ತಿರದ ಮನೆಗಳ ಬೆಲೆಯೋ, ನನ್ನಂಥವನು ಬಾಡಿಗೆಗೂ ಎರಡು ಸಲ ಯೋಚಿಸಬೇಕು. ಜಾಗ ಕೊಳ್ಳುವಾಗ ಇರುವ ಉತ್ಸಾಹ ಅದನ್ನು ನೋಡಿಕೊಳ್ಳುವಾಗ ಇರುವುದಿಲ್ಲ ಎಂಬ ದೂರು ಅಲ್ಲೂ ಕೇಳಿದ್ದೇನೆ.

ಆದರೂ ಎರಡು ವಿಷಯ ನನಗೆ ಬಹಳ ಹಿಡಿಸಿದವು. ಒಂದು, ಕೇಳುವ ರೀತಿ. 1992ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ ಸೇರಿದ ಒಂದು ತಿದ್ದುಪಡಿಯ ಪ್ರಕಾರ ಯಾವ ಸ್ಥಳೀಯ ಸರ್ಕಾರವೂ ಜನರ ವೋಟಿಲ್ಲದೆ ಹೊಸ ತೆರಿಗೆ ಹಾಕುವ ಹಾಗಿಲ್ಲ. ಮತಪತ್ರದಲ್ಲಿ ಪ್ರಶ್ನೆಯ ಮೊದಲ ಮಾತೇ 'ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಿಸಬೇಕೆ' ಎಂದು ಇರಬೇಕು. ಬೆಟ್ಟ, ಹೂವು, ಮಕ್ಕಳ ನಗು ಎಲ್ಲ ಆಮೇಲೆ. 2018ರ ನವೆಂಬರ್‌ನಲ್ಲಿ ನಾನು ಅಲ್ಲಿದ್ದಾಗಲೇ ಡೆನ್ವರ್‌ನವರು ಉದ್ಯಾನಗಳಿಗಾಗಿ ನೂರಕ್ಕೆ 25 ಸೆಂಟಿನ ತೆರಿಗೆಯನ್ನು ಹೀಗೆ ಕೇಳಿ, ಹೀಗೇ ಒಪ್ಪಿದರು. ಅಷ್ಟು ಬರಿಗೈಯಲ್ಲಿ ಕೇಳಿದರೂ ಜನ ಹೂಂ ಅಂದರಲ್ಲ ಎಂದು ನನಗೆ ಆಶ್ಚರ್ಯ. ಎರಡನೆಯದು, ದುಡ್ಡಿಗೆ ಬೇರೆ ಡಬ್ಬಿ. ಆ ಖಾತೆಯನ್ನು ನೋಡಿಕೊಳ್ಳಲು ಊರಿನ ಸಾಮಾನ್ಯ ಜನರ ಒಂದು ಸಲಹಾ ಸಮಿತಿ.

ಲಾಟರಿಯನ್ನೂ ಅವರು ಬಿಟ್ಟಿಲ್ಲ. ರಾಜ್ಯದ ಲಾಟರಿ ಲಾಭದಲ್ಲಿ ನೂರಕ್ಕೆ 40 ನೇರವಾಗಿ ಊರು, ಕೌಂಟಿಗಳ ಉದ್ಯಾನಗಳಿಗೆ, ತಲೆ ಲೆಕ್ಕದಲ್ಲಿ ಹೋಗುತ್ತದೆ. ಲಾಟರಿ ನಮಗೆ ಬೇಡ. ಅದರಿಂದ ಹಾಳಾದ ಮನೆಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಇನ್ನು ನಮ್ಮ ವಿಷಯ. ನಮ್ಮ ಪಂಚಾಯಿತಿಗೆ ಮಾರಾಟ ತೆರಿಗೆ ಹಾಕುವ ಅಧಿಕಾರವಿಲ್ಲ. ಜಿ.ಎಸ್.ಟಿ. ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲೂ ನೂರಕ್ಕೆ 60 ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಹಾಗೆಂದು ಒಂದು ಕೆಲಸಕ್ಕೆಂದೇ ಎತ್ತುವ ಸಣ್ಣ ತೆರಿಗೆ ನಮಗೆ ಅಪರಿಚಿತವೇ? ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲಿದೆ. ರೂಪಾಯಿಗೆ 6 ಪೈಸೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅದೇ ರಸೀದಿಯಲ್ಲಿ ಭಿಕ್ಷುಕರ ಕರ ರೂಪಾಯಿಗೆ 3 ಪೈಸೆ. ಬೌಲ್ಡರ್‌ನವರು ಬೆಟ್ಟಕ್ಕೆ ತೆರಿಗೆ ಹಾಕಿಕೊಳ್ಳುವುದಕ್ಕಿಂತ ಎರಡು ವರ್ಷ ಮೊದಲೇ ನಾವು ಪುಸ್ತಕಕ್ಕೆ ಹಾಕಿಕೊಂಡಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಪಂಚಾಯಿತಿ ಲೈಬ್ರರಿಯಲ್ಲಿ ಪೇಪರ್ ಓದಿದ್ದು ಆ ಪೈಸೆಗಳಿಂದಲೇ ಎಂದು ನನಗೆ ತಿಳಿದದ್ದು ಕೊಲರಾಡೊದಿಂದ ಬಂದ ಮೇಲೆ.

ವ್ಯತ್ಯಾಸ ಇಷ್ಟು. ನಮ್ಮ ಪೈಸೆ ಕೆಳಗೆ ಎತ್ತಿ ಮೇಲಕ್ಕೆ ಹೋಗುತ್ತದೆ, ವಾಪಸ್ ಬರುವಾಗ ಯಾವ ಸೂತ್ರದಲ್ಲಿ ಬಂತು ಎಂದು ಊರಿನವನಿಗೆ ಕಾಣುವುದಿಲ್ಲ. ಅವರದ್ದೂ ಮೇಲಕ್ಕೇ ಹೋಗುತ್ತದೆ, ಆದರೆ ಕೆಳಗೆ ಇಳಿಯುವ ಮೆಟ್ಟಿಲುಗಳನ್ನು ಹತ್ತುವ ಮೊದಲೇ ಎಣಿಸಿರುತ್ತಾರೆ.

ಯುಗಾದಿಯ ನಂತರ ನಾವು ನಾಲ್ಕು ಜನ, ಪಿ.ಟಿ. ಮೇಷ್ಟ್ರು ಮತ್ತು ಹೆಡ್‌ಮಾಸ್ಟರು ಕೂತು ಎರಡು ಲೆಕ್ಕ ಮಾಡಿದೆವು. ಮೊದಲನೆಯದು, ಈ ಫೀಲ್ಡನ್ನು ವರ್ಷಪೂರ್ತಿ ಆಡುವ ಹಾಗೆ ಇಡಲು ಎಷ್ಟು ಬೇಕು? ಮಳೆಗಾಲ ಮುಗಿದ ಮೇಲೆ ಪಾರ್ಥೇನಿಯಂ ಕೀಳಿಸುವುದು, ಎರಡು ಸಲ ಟ್ರ್ಯಾಕ್ಟರಿನಲ್ಲಿ ಮಟ್ಟ ಮಾಡಿ ರೋಲರ್ ಎಳೆಸುವುದು, ಸುಣ್ಣ, ನೆಟ್ಟು, ನಲ್ಲಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು, ಸಾಯಂಕಾಲ ಗೇಟು ನೋಡಿಕೊಳ್ಳುವವರಿಗೆ ಸ್ವಲ್ಪ ಸಂಬಳ. ಒಟ್ಟು 60 ಸಾವಿರ. ಎರಡನೆಯದು, ದಾಖಲಾತಿ ಪುಸ್ತಕ ತೆಗೆದು ಯಾವ ಪಂಚಾಯಿತಿಯ ಮಕ್ಕಳು ಎಷ್ಟು ಎಂದು ಎಣಿಸಿದೆವು. ನೂರಕ್ಕೆ 30 ಮಕ್ಕಳು ಈ ಪಂಚಾಯಿತಿಯವರು, 45 ಕೆರೆಯಾಚೆಯ ಪಂಚಾಯಿತಿಯವರು, 25 ಹೆದ್ದಾರಿ ಬದಿಯ ಪಂಚಾಯಿತಿಯವರು. ಅಧ್ಯಕ್ಷರ ದೂರಿನಲ್ಲಿ ಅರ್ಥವಿತ್ತು!

ಆಮೇಲೆ ಸೂತ್ರ. ಬೆಳಗಿನ ಜಾವ ವಾಕಿಂಗಿಗೆ ಬರುವವರು, ಹಬ್ಬಕ್ಕೆ ನಾಟಕ ಹಾಕುವವರು ಈ ಊರಿನವರೇ ಹೆಚ್ಚು. ಆದ್ದರಿಂದ ಮೊದಲ 15 ಸಾವಿರ ಈ ಪಂಚಾಯಿತಿಯದೇ. ಉಳಿದ 45 ಸಾವಿರ ಮಕ್ಕಳ ಲೆಕ್ಕದಲ್ಲಿ. ಆಗ ಈ ಪಂಚಾಯಿತಿಗೆ ಒಟ್ಟು 28,500, ಕೆರೆಯಾಚೆಗೆ 20,250, ಹೆದ್ದಾರಿ ಬದಿಗೆ 11,250. ಹೊಸ ತೆರಿಗೆ ಏನೂ ಇಲ್ಲ, ಪಂಚಾಯಿತಿಗಳ ಸ್ವಂತ ಸಂಪನ್ಮೂಲದಿಂದ, ಕ್ರಿಯಾ ಯೋಜನೆಯಲ್ಲಿ ಒಂದು ಸಾಲಾಗಿ ಸೇರಿಸುವುದು. ಮಕ್ಕಳ ಸಂಖ್ಯೆ ಬದಲಾದಂತೆ ಪಾಲೂ ಬದಲಾಗುತ್ತದೆ. ಲೆಕ್ಕದ ಹಾಳೆಯನ್ನು ಮೂರೂ ಪಂಚಾಯಿತಿ ಬೋರ್ಡಿಗೆ ಪ್ರತಿ ಜೂನ್‌ನಲ್ಲಿ ಅಂಟಿಸುವುದು.

ಇದನ್ನು ತೆಗೆದುಕೊಂಡು ಹೋದಾಗ ಒಂದು ಪಂಚಾಯಿತಿಯ ಪಿ.ಡಿ.ಓ. ಸಾಹೇಬರು ಸರಿಯಾದ ಅಡ್ಡಿಯನ್ನೇ ಹೇಳಿದರು. "ನಮ್ಮ ವ್ಯಾಪ್ತಿಯ ಹೊರಗೆ ಖರ್ಚು ಹಾಕಿದರೆ ನಾಳೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ, ನಾನು ಉತ್ತರ ಕೊಡಬೇಕು." ಅದಕ್ಕೇ ಮೂರೂ ಪಂಚಾಯಿತಿಗಳ ಪರವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಪತ್ರ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಕೊಲರಾಡೊದ ಊರುಗಳೂ ಇಂಥ ಅಡ್ಡಿಗೆ ಪರಸ್ಪರ ಒಪ್ಪಂದ ಬರೆದುಕೊಂಡೇ ದಾರಿ ಮಾಡಿಕೊಂಡಿವೆ. ಕಾಗದ ಇಲ್ಲದೆ ಕೈ ಕುಲುಕಿದ ಪಾಲುದಾರಿಕೆ ಮುಂದಿನ ಚುನಾವಣೆಯವರೆಗೆ ಮಾತ್ರ.

ನೀವು ಕೇಳಬಹುದು, ಹಳೆಯ ವಿದ್ಯಾರ್ಥಿಗಳು ಇಷ್ಟೊಂದು ಜನ ಇದ್ದೀರಿ, 60 ಸಾವಿರ ನಿಮಗೆ ದೊಡ್ಡದೇ ಎಂದು. ಅಲ್ಲ. ಈ ವರ್ಷ ನಾವೇ ಕೊಡಬಹುದು. ಮುಂದಿನ ವರ್ಷವೂ ಕೊಡುತ್ತೇವೆ. ಮೂರನೇ ವರ್ಷ ಒಬ್ಬ ಕೆನಡಾಕ್ಕೆ ಹೋಗಿರುತ್ತಾನೆ, ಒಬ್ಬ ಮನೆ ಸಾಲ ತೆಗೆದಿರುತ್ತಾನೆ. ದಾನಿಗಳ ದುಡ್ಡು ಕಮಾನು ಕಟ್ಟಲು ಚೆನ್ನ, ಅದರ ಮೇಲೆ ಹೆಸರು ಕೆತ್ತಿಸಬಹುದು. ಕಳೆ ಕಿತ್ತವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ, ಹಾಗಾಗಿ ಅದಕ್ಕೆ ದಾನಿಗಳೂ ಸಿಗುವುದಿಲ್ಲ. ನಮ್ಮ ಬ್ಯಾಚಿನವರು ಬಸ್ ಸ್ಟ್ಯಾಂಡಿನ ಹಿಂದಿನ ಪಂಚಾಯಿತಿ ಜಾಗದಲ್ಲಿ ಎರಡು ಮಳಿಗೆ ಕಟ್ಟಿಸಲು ಒಂದು ಸಲಕ್ಕೆ ದುಡ್ಡು ಸೇರಿಸುತ್ತಿದ್ದೇವೆ. ಬಾಡಿಗೆ ಪಂಚಾಯಿತಿಗೇ. ಪಂಚಾಯಿತಿಗೆ ಆದಾಯ ಬೇಕು ಎಂಬುದು ತಪ್ಪಲ್ಲ, ಅದನ್ನು ಓಟದ ಟ್ರ್ಯಾಕಿನ ಮೇಲೆ ಹುಡುಕಬೇಡಿ ಎಂದಷ್ಟೇ ನಮ್ಮ ಕೋರಿಕೆ.

ಮಳಿಗೆಯ ತೀರ್ಮಾನವನ್ನು ಅಧ್ಯಕ್ಷರು ಮುಂದಿನ ಗ್ರಾಮಸಭೆಯವರೆಗೆ ತಡೆದಿದ್ದಾರೆ, ಅದಕ್ಕೆ ನಾನು ಋಣಿ. ಆ ಲೆಕ್ಕದ ಹಾಳೆಯ ಪ್ರತಿಗಳು ಊಟದ ಶಾಮಿಯಾನದ ಬಾಗಿಲಲ್ಲಿ, ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲೇ ಇವೆ. ಕೆರೆಯಾಚೆಯ ಊರಿನವರು ದಯವಿಟ್ಟು ಒಂದೊಂದು ತೆಗೆದುಕೊಂಡು ಹೋಗಿ, ನಿಮ್ಮ ಪಾಲೇ ಮಕ್ಕಳ ಲೆಕ್ಕದಲ್ಲಿ ದೊಡ್ಡದು, ಅಲ್ಲಿ ತಪ್ಪಿದ್ದರೆ ನೀವೇ ಮೊದಲು ಹೇಳಬೇಕು. ಊಟ ಆದ ಮೇಲೆ ನಾಲ್ಕು ಗಂಟೆಗೆ 2004ರ ಬ್ಯಾಚಿಗೂ ಈಗಿನ ಹತ್ತನೇ ತರಗತಿಗೂ ಕಬಡ್ಡಿ ಇದೆ. ನಾವು ಸೋಲುತ್ತೇವೆ ಎಂಬುದು ಖಂಡಿತ, ಆದರೂ ಬನ್ನಿ. ರಸ್ತೆ ಬದಿಯ ಆ ಪಟ್ಟಿಯಲ್ಲೇ ಅಂಕಣ ಹಾಕಿದ್ದೇವೆ.